ಹುಣಸೆಮರದ ಪಕ್ಕ

ನಂಜನಗೂಡಿನ ಪಾರ್ಸಲ್ ಗೋಡೌನಿನಲ್ಲಿ ಪವಿತ್ರಾಳ ಕೆಲಸವೆಂದರೆ, ಬಂದ ಡಬ್ಬಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮನೆಯ ಗುರುತು ಬರೆಯುವುದು. ವಿಳಾಸದಲ್ಲಿ ಬರೀ 'ಡೈರಿ ಹತ್ತಿರ' ಎಂದಿದ್ದರೆ ಡೆಲಿವರಿಯವರು ಊರೆಲ್ಲ ಅಲೆಯಬೇಕಿತ್ತು.

ಹುಲ್ಲಹಳ್ಳಿಯ ಮಧುಕುಮಾರ್ ಡೆಲಿವರಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ಡಬ್ಬವನ್ನು ವಾಪಸು ತಂದು ಅವಳ ಮೇಜಿನ ಮೇಲಿಟ್ಟಿದ್ದ.

"ಹುಣಸೆಮರದ ಪಕ್ಕ ಅಂತ ಬರ್ದಿದ್ದೀರಲ್ಲ, ಮರ ಎಲ್ರೀ? ಮೂರು ಸುತ್ತು ಒಡ್ದೆ. ಬೀದಿ ನಾಯಿಗೆ ನನ್ ಗುರ್ತು ಸಿಕ್ತು, ನಂಗೆ ಮನೆ ಸಿಗ್ನಿಲ್ಲ."

ಮರ ಕಡಿದು ಎಂಟು ವರ್ಷವಾಗಿತ್ತು. ಊರವರ ಬಾಯಲ್ಲಿ ಮಾತ್ರ ಅದು ಇನ್ನೂ ನಿಂತಿತ್ತು. ತನ್ನ ಮನೆಯೂ ಅಲ್ಲೇ ಎನ್ನಲು ಪವಿತ್ರಾಳಿಗೆ ನಾಲಿಗೆ ಏಳಲಿಲ್ಲ.

ಅಂದಿನಿಂದ ಅವಳು ಸಂಜೆ ಹೊತ್ತು ಬೀದಿ ಬೀದಿ ನಡೆದು ನೀಲಿ ಗೇಟು, ಒಡೆದ ನಲ್ಲಿ, ಹಿಟ್ಟಿನ ಗಿರಣಿ ಎಂದು ನೋಟುಬುಕ್ಕಿನಲ್ಲಿ ಗುರುತು ಮಾಡಿಕೊಂಡಳು. "ನಿಮ್ ನೀಲಿ ಗೇಟಿಗೆ ಅಸಿರು ಬಣ್ಣ ಬಳ್ದವ್ರೆ ಕಣ್ರೀ" ಎಂದು ಮಾರನೆಯ ದಿನ ಅವನು ಛೇಡಿಸಬೇಕು. ಅವಳಿಗೆ ಅಷ್ಟು ಸಾಕು.

ಮ್ಯಾನೇಜರ್ ಶಿವಸ್ವಾಮಿ ಒಂದು ದಿನ ಆ ನೋಟುಬುಕ್ಕು ಕೇಳಿದರು. ಕೊಟ್ಟಳು. ಅದರಲ್ಲಿದ್ದ ಮನೆಗಳೆಲ್ಲ ಫೋನಿನ ಮ್ಯಾಪಿಗೆ ಹೋದವು. ಅಲೆದಾಟ ತಪ್ಪಿತು, ಮೂವರ ಕೆಲಸಕ್ಕೆ ಇಬ್ಬರೇ ಸಾಕಾದರು.

"ನಿನ್ನಿಂದ ಎಷ್ಟು ಅನುಕೂಲ ಆಯ್ತಮ್ಮ" ಎಂದರು ಶಿವಸ್ವಾಮಿ. "ಸೋಮವಾರದಿಂದ ಮಧುನ ಟಿ. ನರಸೀಪುರಕ್ಕೆ ಹಾಕಿದ್ದೀವಿ."

ಪವಿತ್ರಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

ಶನಿವಾರ ಸಂಜೆ ಅವನು ಚೀಲ ಒಪ್ಪಿಸಲು ಬಂದ. "ಊರೋರ ಮನೆ ದಾರಿಯೆಲ್ಲಾ ಬರುದ್ರಿ. ನಿಮ್ ಮನೇದೇ ಬರೀನಿಲ್ವಲ್ರೀ."

ಅವಳು ರಟ್ಟಿನ ಚೂರೊಂದನ್ನು ಹರಿದು, ತಲೆ ಎತ್ತದೆ ಎರಡೇ ಪದ ಬರೆದುಕೊಟ್ಟಳು: ಹುಣಸೆಮರದ ಪಕ್ಕ.

"ಅಲ್ಲಿ ಮರಾನೇ ಇಲ್ವಲ್ರೀ."

"ಇಲ್ಲ. ನಾವು ಹಾಗೇ ಹೇಳೋದು."

"ಅಂಗಾರೆ ಅವತ್ತು ನಿಮ್ ಮನೆ ಮುಂದೇನೆ ಸುತ್ತು ಒಡ್ದಿದ್ದು ಅನ್ನಿ." ರಟ್ಟನ್ನು ಶರ್ಟಿನ ಜೇಬಿಗೆ ಹಾಕಿಕೊಂಡು ಹೋದ.

ಅದಾದ ಮೂರನೆಯ ಭಾನುವಾರ. ಜಗಲಿಯ ಮೇಲೆ ಕೂತಿದ್ದ ಮಗಳನ್ನು ನೋಡಿ ಶಿವನಂಜಮ್ಮ ಹೊರಗೆ ಬಂದರು.

"ಬಿಸಿಲಲ್ಲಿ ಯಾಕವ್ವಾ ಕೂತಿದ್ದೀಯ?"

"ಪಾರ್ಸಲ್ ಬರ್ಬೇಕು."

"ಭಾನುವಾರ ಯಾವ್ ಪಾರ್ಸಲ್ಲೇ?"

ಬೀದಿಯ ತುದಿಯಲ್ಲಿ ಬೈಕೊಂದು ತಿರುಗಿತು. ಪವಿತ್ರಾ ಎದ್ದು ನಿಂತಳು. ಸೊಪ್ಪಿನವನು. ಅವನು ದಾಟಿ ಹೋಗುವವರೆಗೂ ನಿಂತಿದ್ದು, ಮತ್ತೆ ಕೂತಳು.