ಅಕ್ಕನ ಬಾಯಿ ಸೊಟ್ಟಗಾದದ್ದೇಕೆ

೧
ಎಲ್ಲಿಂದ ಶುರು ಮಾಡಲಿ? ಮಾತು ಕೊಟ್ಟಲ್ಲಿಂದಲೇ ಆಗಲಿ. ನಲವತ್ತು ವರ್ಷದ ಹಿಂದೆ, ಮಂಚದ ಕೆಳಗೆ ಮುದುಡಿ ಕೂತು, ಅಮ್ಮನಿಗೆ ಯಾವತ್ತೂ ಹೇಳುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟೆ. ನನಗಾಗ ಏಳು, ಅವಳಿಗೆ ಹನ್ನೆರಡು.

(ಏನನ್ನು ಹೇಳುವುದಿಲ್ಲ ಎಂಬುದನ್ನು ಬಚ್ಚಿಟ್ಟು ನಿಮ್ಮನ್ನು ಸತಾಯಿಸಬಹುದಿತ್ತು. ಆದರೆ ಮಗಳ ಯೂನಿಫಾರ್ಮ್ ಇಸ್ತ್ರಿ ಇನ್ನೂ ಬಾಕಿ. ಹೇಳಿಬಿಡುತ್ತೇನೆ.)

ಅಮ್ಮನ ಬೈಬಲಿನ ಕೊನೆಯಲ್ಲಿ ಒಂದು ಖಾಲಿ ಹಾಳೆ. ಹುಟ್ಟಿದ ಒಂಬತ್ತೇ ದಿನಕ್ಕೆ ತೀರಿಕೊಂಡ ಮೊದಲ ಮಗುವಿನ ಹೆಸರನ್ನು ಅಮ್ಮ ಅದರಲ್ಲಿ ಬರೆದಿಟ್ಟಿದ್ದಳು. ನಾನು ಅದನ್ನು ಹರಿದು ದೋಣಿ ಮಾಡಿ ಮೋರಿಗೆ ಬಿಟ್ಟೆ. ಅಮ್ಮ ವಿಚಾರಣೆಗೆ ನಿಂತಾಗ ಅಕ್ಕ ಅದೇ ಬೈಬಲಿನ ಮೇಲೆ ಕೈಯಿಟ್ಟು, ತಮ್ಮ ಮುಟ್ಟಿಲ್ಲ ಎಂದಳು. ಹಾಗಾದರೆ ಇನ್ಯಾರು? ನಮ್ಮ ಜೊತೆಗೇ ಇದ್ದ ಅತ್ತೆ, ಅಪ್ಪನ ತಂಗಿ. ಆ ವಾರವೇ ಅತ್ತೆ ಪೆಟ್ಟಿಗೆ ಕಟ್ಟಿದಳು. ಅವಳು ಸಾಯುವವರೆಗೂ ಅಮ್ಮ ಅವಳ ಜೊತೆ ಮಾತಾಡಲಿಲ್ಲ.

೨
ಹತ್ತು ದಿನದ ಕೆಳಗೆ ಅಕ್ಕ ಎದ್ದಾಗ ಬಾಯಿ ಎಡಕ್ಕೆ ವಾಲಿತ್ತು.

("ಬಲಕ್ಕೆ ಕಣೋ," ಎಂದಳು ಅಕ್ಕ ಇದನ್ನು ಓದಿ. "ನನ್ನ ಮುಖಾನೂ ಸರಿಯಾಗಿ ನೋಡಿಲ್ಲ, ಕಥೆ ಬರೀತಾನಂತೆ." ತಿದ್ದಿದೆ: ಬಲಕ್ಕೆ.)

ನರ ಊದಿಕೊಂಡಿದೆ ಎಂದರು ಡಾಕ್ಟರು. ಮಾತ್ರೆ ಕೊಟ್ಟು, ದಿನಕ್ಕೆ ಮೂರು ಸಲ ಕನ್ನಡಿ ಮುಂದೆ ನಿಂತು ಕೆನ್ನೆ ಉಬ್ಬಿಸಬೇಕು, ಸೀಟಿ ಊದಬೇಕು, ತಡಮಾಡಿದರೆ ಮುಖ ಹೀಗೇ ಉಳಿಯಬಹುದು ಎಂದರು. ಅಕ್ಕ ಮಾತ್ರೆ ನುಂಗಿದಳು. ಕನ್ನಡಿ ಮುಂದೆ ನಿಲ್ಲಲಿಲ್ಲ.

"ಸುಳ್ಳು ಪ್ರಮಾಣ ಮಾಡಿದ ಬಾಯಿ ಇದು. ದೇವರು ಕೊಟ್ಟಿದ್ದನ್ನ ಸೀಟಿ ಊದಿ ಓಡಿಸೋದಾ?"

೩ (ರದ್ದು. ಆದರೂ ಓದಿ.)
ಬೈಬಲ್ ಬಿಡಿಸಿ ಕೂತೆ. ಶುಭವಾರ್ತೆಯನ್ನು ನಂಬದ ಯಾಜಕನ ನಾಲಿಗೆ ಬಿದ್ದುಹೋಯಿತು. ಸರಿ, ಅನುಮಾನ ಆಡಿದ್ದು ನಾಲಿಗೆಯೇ. ಆದರೆ ಯಾಜಕರಷ್ಟೇ ಹಾಕಬೇಕಾದ ಧೂಪವನ್ನು ತಾನೇ ಹಾಕಲು ಹೋದ ಅರಸನಿಗೆ ಕುಷ್ಠ ಎದ್ದದ್ದು ಹಣೆಯಲ್ಲಿ. ತಪ್ಪು ಮಾಡಿದ್ದು ಕೈಯಲ್ಲವೇ? ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಮಹಾಯಾಜಕ ಚಿನ್ನದ ಪಟ್ಟಿ ಕಟ್ಟುವ ಜಾಗ ಅದು. ಆಸೆಪಟ್ಟ ಜಾಗಕ್ಕೇ ಗುರುತು ಬಿದ್ದಿದೆ. ಎಂಥ ಕರಾರುವಾಕ್ಕು!

ಅಕ್ಕ ಓದಿ, ಇದೇನು ಕಥೆಯೋ ಚರ್ಚಿನಲ್ಲಿ ಪಾದ್ರಿ ಮಾಡುವ ಭಾನುವಾರದ ಪ್ರಸಂಗವೋ ಎಂದು ಕೇಳಿದಳು. ಹುಟ್ಟುಕುರುಡನನ್ನು ಕಂಡು, ಪಾಪ ಇವನದೋ ಇವನ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಗುರು ಎರಡೂ ಅಲ್ಲ ಅಂದನಲ್ಲ ಎಂದೆ. ಅದು ಹುಟ್ಟುಕುರುಡರಿಗೆ, ನಾನು ಐವತ್ತೆರಡಕ್ಕೆ ಸೊಟ್ಟಗಾದವಳು ಎಂದಳು. ಪಾತ್ರಗಳ ಜೊತೆ ವಾದಕ್ಕಿಳಿಯಬಾರದು, ಅದರಲ್ಲೂ ನಮ್ಮನ್ನು ಎತ್ತಿ ಆಡಿಸಿದವರ ಜೊತೆ.

೪
ಆಮೇಲೆ ಅದೇ ಬೈಬಲಿನಲ್ಲಿ ಸಿಕ್ಕಿದ್ದು ಒಬ್ಬ ಅಕ್ಕ. ಅವಳೂ ಅಣ್ಣನೂ ಸೇರಿ ಕಿರಿಯ ತಮ್ಮನನ್ನು ದೂರಿದರು. ಕುಷ್ಠ ಹತ್ತಿ ಮೈ ಹಿಮದಂತೆ ಬಿಳುಚಿದ್ದು ಅವಳೊಬ್ಬಳದೇ. ಅಣ್ಣನಿಗೆ ಒಂದು ಗುಳ್ಳೆಯೂ ಇಲ್ಲ. ಯಾಕೆ? ಗ್ರಂಥ ಹೇಳುವುದಿಲ್ಲ. ಏನೂ ಆಗದ ಆ ಅಣ್ಣ ಅವಳಿಗಾಗಿ ಬೇಡಿಕೊಳ್ಳುವಾಗ ಮಾತ್ರ, ತಪ್ಪು ಅವಳದು ಅನ್ನಲಿಲ್ಲ, ನಮ್ಮದು ಅಂದ.

(ಪೆನ್ನು ಕೆಳಗಿಟ್ಟೆ. ನನ್ನ ಬಾಯಿ ನೆಟ್ಟಗಿದೆ.)

ಅಕ್ಕನಿಗೆ ತೋರಿಸಿದೆ. ನಾನೇನು ಮಾಡಲು ಹೊರಟಿದ್ದೇನೆಂದು ಅವಳಿಗೆ ತಕ್ಷಣ ಗೊತ್ತಾಯಿತು.

"ಅಮ್ಮನ ಹತ್ರ ಹೋದ್ಯೋ, ಇನ್ನು ನನ್ನ ಮುಖ ನೋಡ್ಬೇಡ."

"ಈಗಿನ ಮುಖಾನಾ, ಮೊದಲಿನದಾ?"

ಅರ್ಧ ಮುಖ ನಕ್ಕಿತು. ಆಮೇಲೆ ಅದೂ ನಿಂತಿತು.

೫
ಅಂತ್ಯ ಒಂದು: ಹೇಳುತ್ತೇನೆ, ಮರುದಿನ ಬಾಯಿ ನೆಟ್ಟಗಾಗುತ್ತದೆ. (ಡಾಕ್ಟರು ಒಪ್ಪುವುದಿಲ್ಲ.)

ಅಂತ್ಯ ಎರಡು: ಹೇಳುವುದಿಲ್ಲ, ಅಮ್ಮ ನೆಮ್ಮದಿಯಾಗಿರುತ್ತಾಳೆ. (ಈ ಕಥೆಯಲ್ಲಿ ಒಂದು ಮಾತೂ ಸಿಗದ ಅತ್ತೆ ಒಪ್ಪುವುದಿಲ್ಲ.)

ಮೂರನೆಯದು ನಡೆದದ್ದು. ಅಮ್ಮ ಡಬ್ಬಿಗೆ ವಾರದ ಮಾತ್ರೆ ತುಂಬಿಸುತ್ತಿದ್ದಳು. ಹಾಳೆ, ದೋಣಿ, ಪ್ರಮಾಣ, ಎಲ್ಲವನ್ನೂ ಹೇಳಿದೆ. ತಪ್ಪು ನಮ್ಮಿಬ್ಬರದು ಎಂದೆ. ಅವಳ ಕೈ ಗುರುವಾರದ ಖಾನೆಯ ಮೇಲೆ ನಿಂತಿತು.

"ನಿಮ್ಮತ್ತೆಗೆ ಗೊತ್ತಿತ್ತಾ, ನೀನೇ ಅಂತ?"

"ಗೊತ್ತಿತ್ತಮ್ಮ. ನೋಡಿದ್ಲು."

ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಕ್ಷಮಿಸಿದಳೇ, ಅಕ್ಕ ಕನ್ನಡಿ ಮುಂದೆ ನಿಂತಳೇ ಎಂದು ಕೇಳಬೇಡಿ. ಬಾಗಿಲು ಇನ್ನೂ ಹಾಕಿಯೇ ಇದೆ. ಅಕ್ಕ ಫೋನ್ ಎತ್ತುತ್ತಿಲ್ಲ.

ಅವಳಿಗೆ ಕೊಟ್ಟ ಮಾತನ್ನು ಮುರಿದೆ.