ಎರಡು ದಿನದ ಉಪವಾಸ

ಬಂದರಿನ ಕ್ರೇನ್ ಚಾಲಕರಲ್ಲಿ ಒಂದು ಗುಟ್ಟಿನ ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಕಂಪನಿ ಅವರ ರಕ್ತ ಪರೀಕ್ಷೆ ಮಾಡಿಸುತ್ತಿತ್ತು. ಸಕ್ಕರೆ ಕಾಯಿಲೆ ಎಂದು ಗೊತ್ತಾದರೆ ಮೇಲಿನ ಗಾಜಿನ ಗೂಡಿನಿಂದ ಇಳಿಸಿ ಉಗ್ರಾಣದ ಬಾಗಿಲು ಕಾಯಲು ಕೂರಿಸುತ್ತಿದ್ದರು. ಹಾಗಾಗಿ ಎರಡು ದಿನ ಮೊದಲೇ ಎಲ್ಲರೂ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಚಾಲಕನೂ ಆರು ವರ್ಷ ಹೀಗೆಯೇ ಪಾಸಾದ. ಬರಬರುತ್ತ ಆ ರಿಪೋರ್ಟನ್ನು ಅವನೇ ನಂಬಿದ. ಕಂಪನಿಗೆ ಹಾಕಲು ಹೊಲಿದ ಟೋಪಿ ತನ್ನ ತಲೆಗೇ ಸರಿಯಾಗಿ ಕೂತದ್ದು ಪುಣ್ಯಾತ್ಮನಿಗೆ ತಿಳಿಯಲಿಲ್ಲ.

ಮದುವೆಯಾದದ್ದು ತಡವಾಗಿ, ನಲವತ್ತಕ್ಕೆ. ವರ್ಷ ತುಂಬುವುದರೊಳಗೆ ಹಾಸಿಗೆಯಲ್ಲಿ ದೇಹ ಕೈಕೊಟ್ಟಿತು. ಒಂದು ಸಲ, ಎರಡು ಸಲ, ಆಮೇಲೆ ಪ್ರತಿ ಸಲ. ರಿಪೋರ್ಟು ಚೆನ್ನಾಗಿರುವಾಗ ತಪ್ಪು ತನ್ನದು ಹೇಗಾದೀತು? ಗೂಬೆಯನ್ನು ಹೆಂಡತಿಯ ತಲೆಯ ಮೇಲೆ ಕೂರಿಸಿದ.

"ನಿನ್ನನ್ನ ನೋಡಿದ್ರೆ ಮನಸ್ಸೇ ಬರಲ್ಲ ಕಣೇ."

ಹೆಂಡತಿ ಪರದೆ ಹೊಲಿಯುವ ಅಂಗಡಿಯಲ್ಲಿ ದುಡಿಯುತ್ತಿದ್ದಳು, ಮಾತು ಕಡಿಮೆ. ಅವಳು ತೋರಿಸಿಕೊಂಡ ಡಾಕ್ಟರು "ನಿಮ್ಮಲ್ಲಿ ಏನೂ ಇಲ್ಲಮ್ಮ, ಯಜಮಾನರನ್ನ ಕರ್ಕೊಂಡು ಬನ್ನಿ" ಎಂದಿದ್ದರು. ಅದನ್ನು ಹೇಳಿದ್ದೇ ತಡ, ಇವನು ಮನೆ ಹಾರಿಹೋಗುವಂತೆ ಕಿರುಚಿದ. ಮಗು ಯಾಕಾಗಿಲ್ಲ ಎಂದು ತನ್ನ ಅಕ್ಕ ಕೇಳಿದಾಗ "ಅವಳಲ್ಲೇ ಏನೋ ಕೊರತೆ" ಎಂದುಬಿಟ್ಟ. ಅಕ್ಕನ ಬಾಯಿಗೆ ಬಿದ್ದ ಮಾತು ವಾರದೊಳಗೆ ಬೀದಿಯೆಲ್ಲ ಸುತ್ತಿತು. ಅಕ್ಕ ತಂದುಕೊಟ್ಟ ಕಂಡಕಂಡ ಪುಡಿಗಳನ್ನೆಲ್ಲ ಆ ಹೆಂಗಸು ಎರಡು ವರ್ಷ ನುಂಗಿದಳು. ಆಮೇಲೊಂದು ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ಅಣ್ಣನ ಮನೆಗೆ ಹೋದಳು.

ಅವಳು ಹೋದ ತಿಂಗಳಿಗೆ ಇವನ ಕಾಲಿಗೆ ಮೊಳೆ ಚುಚ್ಚಿತು. ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಪರೀಕ್ಷೆ ಮಾಡಿದರು. ಅದರ ಮುಂದೆ ಎರಡು ದಿನದ ಉಪವಾಸ ನಡೆಯಲಿಲ್ಲ.

"ಸಕ್ಕರೆ ವರ್ಷಗಳಿಂದ ಇರೋ ಹಾಗಿದೆ. ನರ, ರಕ್ತನಾಳ ಎರಡಕ್ಕೂ ಪೆಟ್ಟು ಬಿದ್ದಿದೆ," ಎಂದರು ಡಾಕ್ಟರು. "ಹೆಂಡತಿ ಜೊತೆ ತೊಂದರೆ ಆಗ್ತಿತ್ತಾ?"

ಅವನು ತಲೆ ತಗ್ಗಿಸಿದ.

"ಎಷ್ಟೋ ಗಂಡಸರಿಗೆ ಮೊದಲ ಸುಳಿವೇ ಅದು. ಆಗಲೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ. ಈಗಲೂ ಔಷಧಿ ಇದೆ, ನೋಡೋಣ."

ಅವಳಿಲ್ಲದ ಮನೆ ಅವನಿಗೆ ಬೇಕಿರಲಿಲ್ಲ. ಕುಂಟುತ್ತಲೇ ಹೋಗಿ ಅವಳ ಅಣ್ಣನ ಮನೆಯ ಬಾಗಿಲು ಬಡಿದ. ಹೆಂಡತಿಯೇ ತೆರೆದಳು. ಅವನು ರಿಪೋರ್ಟು ಚಾಚಿದ.

"ನಿನ್ನ ತಪ್ಪೇನೂ ಇಲ್ಲ ಕಣೇ. ಎಲ್ಲ ಈ ಸಕ್ಕರೆ ಮಾಡಿದ್ದು. ಮನೆಗೆ ಬಾ."

ಅವಳು ನಿಂತಲ್ಲೇ ಪೂರ್ತಿ ಓದಿದಳು.

"ನಿಮ್ಮ ಅಕ್ಕನಿಗೆ ತೋರಿಸಿದ್ರಾ?"

"ಅವಳಿಗ್ಯಾಕೆ? ನಿನಗೆ ಗೊತ್ತಾದ್ರೆ ಸಾಲದಾ?"

"ನನಗೆ ಮೊದಲೇ ಗೊತ್ತಿತ್ತು. ಗೊತ್ತಾಗಬೇಕಿರೋದು ಅವರಿಗೆ, ನಿಮ್ಮ ಬೀದಿಗೆ."

"ಏನು ಮಾತಾಡ್ತೀಯ! ಗಂಡಸಾಗಿ ನನ್ನ ಮಾನ ಏನಾಗ್ಬೇಕು?"

ಆಡಿದ ಮೇಲೆ ಅವನಿಗೇ ಆ ಮಾತು ಕೇಳಿಸಿತು. ಅವಳು ರಿಪೋರ್ಟನ್ನು ಮಡಚಿ ಅವನ ಅಂಗಿಯ ಜೇಬಿಗೆ ತುರುಕಿದಳು.

"ಕಾಲು ನೋಡ್ಕೊಳ್ಳಿ," ಎಂದು ಬಾಗಿಲು ಹಾಕಿಕೊಂಡಳು.