ತೂಬಿನ ಕಲ್ಲಿನ ಗುಲಾಬಿ

ಮೇಲಿನ ಗದ್ದೆಯಿಂದ ನನ್ನ ಗದ್ದೆಗೆ ನೀರಿಳಿಯುವ ತೂಬಿನ ಕಲ್ಲಿಗೆ ಗುಲಾಬಿ ಬಣ್ಣದ ಮೊಟ್ಟೆಗಳು ಗೊಂಚಲಾಗಿ ಅಂಟಿದ್ದವು. ಅವನ್ನು ಕಂಡು ಹಿಗ್ಗಿದ ರೈತ ನಮ್ಮೂರಿನಲ್ಲಿ ನಾನೊಬ್ಬನೇ ಇರಬೇಕು.

ಎಲ್ಲಿಂದಲೋ ಬಂದು ಸೇರಿಕೊಂಡ ಬಸವನಹುಳುವಿನ ಮೊಟ್ಟೆಗಳವು. ಪೈರು ತಿನ್ನುತ್ತದೆಂದು ಎಲ್ಲರೂ ಆ ಹುಳುವಿಗೆ ಹೆದರುತ್ತಿದ್ದರು. ಅದರಿಂದಲೇ ಕಳೆ ಮೇಯಿಸುವ ಗುಟ್ಟನ್ನು ನಾನು ಕಂಡುಕೊಂಡಿದ್ದೆ. ನಾಟಿಯಾದ ಮೂರು ವಾರ ಕೆಸರು ನೆನೆಯುವಷ್ಟೇ ನೀರಿರಬೇಕು. ಹುಳು ಚಿಪ್ಪು ಮುಚ್ಚಿ ಬಿದ್ದಿರುತ್ತದೆ. ಪೈರು ಬಲಿತ ಮೇಲೆ ನೀರು ಏರಿಸಿದರೆ ಎಳೆಯ ಕಳೆಯನ್ನೆಲ್ಲ ಮೇಯ್ದು, ಪೈರನ್ನು ಬಿಟ್ಟುಬಿಡುತ್ತದೆ. ಮೊದಲ ವರ್ಷ ನನ್ನ ಗದ್ದೆಗೆ ಕಳೆ ಕೀಳಲು ಯಾರೂ ಇಳಿಯಲಿಲ್ಲ.

"ಏನ್ ಮಾಟ ಮಾಡ್ಸಿದ್ದೀಯೋ?" ಎಂದು ಮೇಲಿನ ಗದ್ದೆಯ ನನ್ನಕ್ಕ ಮಂಚಮ್ಮ ಕೇಳಿದಳು. ನಕ್ಕು ಮಾತು ತೇಲಿಸಿದೆ. ಹೇಳಿಬಿಟ್ಟರೆ ನನ್ನ ಹೆಚ್ಚುಗಾರಿಕೆ ಏನುಳಿದೀತು?

ಮರುವರ್ಷ ನಾಟಿ ಮುಗಿಸಿ, ಹೆಂಡತಿಯ ತವರಿನ ಮದುವೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದೆ. ಗದ್ದೆ ಬದುವಿನವರೆಗೂ ನೀರು ತುಂಬಿಕೊಂಡು ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದೇ ಒಂದು ಪೈರಿರಲಿಲ್ಲ; ಎಲ್ಲವನ್ನೂ ಹುಳು ಮೇಯ್ದಿತ್ತು. ಮೈಯೆಲ್ಲ ಉರಿದುಹೋಯಿತು. ಪಕ್ಕದ ಗದ್ದೆಯ ಸಣ್ಣಪ್ಪನ ಅಂಗಿ ಹಿಡಿದೆ.

"ಯಾಕೋ ನೀರು ಬಿಟ್ಟೆ?"

"ಬಿಡಯ್ಯ, ಅಂಗಿ ಹರೀತದೆ! ನೀರು ಬಿಟ್ಟೋರ್ನ ಬೈಯೋ ರೈತನ್ನ ಇವತ್ತೇ ಕಂಡಿದ್ದು. ನನ್ ಗದ್ದೆಗೂ ಒಸಿ ಬಿಡು, ದಿನಾ ಬೈಸ್ಕೋತೀನಿ."

"ಅವನ್ನ ಬಿಡೋ," ಎನ್ನುತ್ತ ಅಕ್ಕ ಬದುವಿನ ಮೇಲೆ ಬಂದಳು. "ಬಿಟ್ಟೋಳು ನಾನು. ನಿನ್ ಗದ್ದೆ ಬಾಯಿ ಬಿಡೋ ಹಂಗಿತ್ತು. ನನ್ ಸರದಿ ನೀರ್ನೆಲ್ಲ ನಿಂಗೇ ತಿರುಗಿಸ್ದೆ."

ಊರಿಗೆ ಹೋದವರ ಗದ್ದೆಯ ನೀರನ್ನು ಮೇಲಿನ ಗದ್ದೆಯವರು ನೋಡಿಕೊಳ್ಳುವುದು ನಮ್ಮಲ್ಲಿ ಹೇಳದೆಯೇ ನಡೆದುಬಂದ ಪದ್ಧತಿ. ತಲೆ ಎತ್ತಿ ನೋಡಿದೆ. ಅವಳ ಗದ್ದೆಯೇ ಬಿರಿಯತೊಡಗಿತ್ತು. ಹಲ್ಲು ಕಡಿಯುತ್ತ ಹುಳುವಿನ ಗುಟ್ಟನ್ನು ಕಕ್ಕಿದೆ.

"ಆವತ್ತೇ ಕೇಳಿದ್ನಲ್ಲೋ," ಎಂದಳು. "ಒಂದ್ ಮಾತು ಹೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

ಯಾರ ಮೇಲೆ ಸಿಟ್ಟು ಮಾಡಲಿ? ನೀರು ಬಸಿದು, ಅವಳ ಒಟ್ಲು ಪಾತಿಯಲ್ಲಿ ಮಿಕ್ಕಿದ್ದ ಸಸಿ ತಂದು ಅರ್ಧ ಗದ್ದೆ ನಾಟಿ ಮಾಡಿದೆ. ಉಳಿದರ್ಧ ಆ ವರ್ಷ ಹಾಗೇ ಬಿದ್ದಿತ್ತು.

ತಿಂಗಳ ಬಳಿಕ ಅಕ್ಕ ಕೂಗಿ ಕರೆದಳು. ತೂಬಿನ ಕಲ್ಲಿನ ಅವಳ ಕಡೆಯ ಮಗ್ಗುಲಲ್ಲಿ ಗುಲಾಬಿ ಗೊಂಚಲೊಂದು ಮೂಡಿತ್ತು.

"ಇವು ನಿನ್ನವೇ ಏನೋ?"

"ಹ್ಞೂಂ, ನನ್ನವೇ."

ಬಗ್ಗಿ ಕುಡುಗೋಲಿನ ಬೆನ್ನಿನಿಂದ ಕೆರೆದು ನೀರಿಗೆ ಕೆಡವಿದೆ. ಮೊಟ್ಟೆಗಳು ಮುಳುಗಿದವು; ನೀರಿನೊಳಗೆ ಅವು ಮರಿಯಾಗುವುದಿಲ್ಲ. ಅಕ್ಕ ಸೆರಗಿನ ತುದಿ ಒದ್ದೆ ಮಾಡಿಕೊಂಡು ಕಲ್ಲನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಕಲ್ಲಿನ ಮೇಲೆ ಗುಲಾಬಿ ಕಲೆ ಹಾಗೇ ಉಳಿಯಿತು.